ಅಲಾಸ್ಕಾ ಕಾಡಿಗೆ ರಿವಾಲ್ವರ್: ಬ್ಯಾರೆಲ್ 4 ಇಂಚೋ, 6 ಇಂಚೋ?

ಹಾಸನದ ಹೆಣ್ಮಗಳು

ಎಲ್ಲರಿಗೂ ನಮಸ್ಕಾರ. ಕೆಲಸದ ಮೇಲೆ ಆಂಕರೇಜ್‌ಗೆ ಬಂದು ನೆಲೆಸಿದ್ದೇವೆ. ಗ್ರೀನ್ ಕಾರ್ಡ್ ಇದೆ. ಈ ಬೇಸಿಗೆಯಲ್ಲಿ ನಾನೂ ನಮ್ಮ ಯಜಮಾನರೂ ಹೋಪ್‌ನಿಂದ ಕೂಪರ್ ಲ್ಯಾಂಡಿಂಗ್‌ವರೆಗೆ ರಿಸರೆಕ್ಷನ್ ಪಾಸ್ ದಾರಿಯಲ್ಲಿ ನಡೆಯಬೇಕು ಅಂತಿದ್ದೇವೆ. ಸುಮಾರು 60 ಕಿ.ಮೀ., ಕಂದು ಕರಡಿ ಇರುವ ಜಾಗ. ಕರಡಿಯನ್ನು ಓಡಿಸುವ ಖಾರದ ಬೇರ್ ಸ್ಪ್ರೇ ಇಬ್ಬರ ಹತ್ತಿರವೂ ಇರುತ್ತದೆ. ಜೊತೆಗೆ ಒಂದು .44 ಮ್ಯಾಗ್ನಮ್ ರಿವಾಲ್ವರ್ ಕೊಳ್ಳೋಣ ಅಂತ ತೀರ್ಮಾನ ಆಗಿದೆ.

ಅಂಗಡಿಯಲ್ಲಿ ಸ್ಮಿತ್ ಅಂಡ್ ವೆಸನ್ 629 ಎರಡು ತೋರಿಸಿದರು, 4 ಇಂಚಿನದು ಮತ್ತು 6 ಇಂಚಿನದು. ಪಕ್ಕದಲ್ಲೇ ರೂಗರ್ ಅಲಾಸ್ಕನ್ ಇತ್ತು, ಅದರ ಬ್ಯಾರೆಲ್ ಬರೀ ಎರಡೂವರೆ ಇಂಚು. ಉದ್ದ ಇದ್ದಷ್ಟೂ ಏಟು ಜೋರು ಅಂತಾರೆ ಯಜಮಾನರು. ನನಗೆ ಉದ್ದದ್ದು ಕೈಯಲ್ಲಿ ಮುಂದಕ್ಕೆ ವಾಲಿದ ಹಾಗೆ ಅನಿಸಿತು. ಇಬ್ಬರಿಗೂ ಶೂಟಿಂಗ್ ರೇಂಜ್‌ನಲ್ಲಿ .38ರಂಥ ಸಣ್ಣ ತೋಟಾ ಹೊಡೆದು ಅಭ್ಯಾಸ ಇದೆ, ಅಷ್ಟೇ. ಯಾವುದು ತಗೊಳ್ಳೋದು?

ಕೊಡಗಿನ ಕೋವಿ

ನಮ್ಮದು ಕೋವಿ ಇರುವ ಮನೆ, ಕೈಲ್ ಪೊಳ್ದ್ ದಿನ ಅದಕ್ಕೆ ಪೂಜೆ ಮಾಡಿ ಬೆಳೆದವನು ನಾನು. ಈಗ ಮೊಂಟಾನಾದಲ್ಲಿದ್ದೇನೆ. ನನ್ನ ಓಟು 6 ಇಂಚಿಗೆ. ಮುಂದೆ ತೂಕ ಇದ್ದರೆ ಹೊಡೆದಾಗ ಮೂತಿ ಕಡಿಮೆ ಎಗರುತ್ತದೆ, ಎರಡನೇ ಗುಂಡು ಬೇಗ ಹಾರಿಸಬಹುದು. ಹೊಸಬರಿಗೆ ಅದೇ ಒಳ್ಳೆಯದು.

ಕೆನಾಯ್ ವಾಸಿ

ನಾನಿರುವುದು ಸೋಲ್ಡಾಟ್ನಾದಲ್ಲಿ. ಸಾಲ್ಮನ್ ಬರುವ ಕಾಲದಲ್ಲಿ ರಷ್ಯನ್ ರಿವರ್‌ಗೆ ಮೀನು ಹಿಡಿಯಲು ಹೋಗುತ್ತೇನೆ. ಅಲ್ಲಿ ನಮಗೂ ಕರಡಿಗೂ ಒಂದೇ ದಂಡೆ. ನಾನು ಕಟ್ಟುವುದು 629, 4 ಇಂಚು. ಮೇಡಂ, ನೀವೂ ಅದನ್ನೇ ತಗೊಳ್ಳಿ.

ಯಜಮಾನರು ಹೇಳಿದ್ದು ಸುಳ್ಳಲ್ಲ, ಆದರೆ ವ್ಯತ್ಯಾಸ ಸಣ್ಣದು. ಬ್ಯಾರೆಲ್ ಇಂಚು ಕಡಿಮೆಯಾದಂತೆ ಗುಂಡಿನ ವೇಗ ಸೆಕೆಂಡಿಗೆ ಸುಮಾರು 25ರಿಂದ 50 ಅಡಿ ಇಳಿಯುತ್ತದೆ. 6ರಿಂದ 4ಕ್ಕೆ ಬಂದರೆ ಹೆಚ್ಚೆಂದರೆ 100 ಅಡಿ. ಸೆಕೆಂಡಿಗೆ 1,200 ಅಡಿ ಆಸುಪಾಸಿನಲ್ಲಿ ಹೋಗುವ ಗುಂಡಿಗೆ ಅದೇನು ಮಹಾ ಅಲ್ಲ. ಕರಡಿಗೆ ಗುಂಡು ಆಳಕ್ಕೆ ಇಳಿಯಬೇಕು. ಅದಕ್ಕೆ ಗಟ್ಟಿ ಸೀಸದ, ಚಪ್ಪಟೆ ಮೂತಿಯ, 300 ಗ್ರೇನ್ (ಗುಂಡಿನ ತೂಕದ ಅಳತೆ) ಆಸುಪಾಸಿನ ಗುಂಡು ತಗೊಳ್ಳಿ. ಮೂತಿಯಲ್ಲಿ ಗುಳಿ ಇರುವ ಹಾಲೋ ಪಾಯಿಂಟ್ ಬೇಡ, ಅದು ಒಳಗೆ ಹೋಗುತ್ತಲೇ ಅರಳಿ ಬೇಗ ನಿಂತುಬಿಡುತ್ತದೆ.

ಉದ್ದ ಬ್ಯಾರೆಲ್‌ನ ನಿಜವಾದ ಲಾಭ ಗುರಿಯಲ್ಲಿದೆ. ಗುರಿ ಹಿಡಿಯಲು ನೋಡುವ ಹಿಂದಿನ ಸೈಟಿಗೂ ಮುಂದಿನ ಸೈಟಿಗೂ ಅಂತರ ಜಾಸ್ತಿ, ಹಾಗಾಗಿ ಕೈ ಸ್ವಲ್ಪ ಅಲುಗಿದರೂ ಕಣ್ಣಿಗೆ ಗೊತ್ತಾಗುತ್ತದೆ. ಜಿಂಕೆ ಬೇಟೆಗೆ ಹೋಗುವವರಿಗೆ ಅದು ಬೇಕು. ಕಂದು ಕರಡಿ ಗಂಟೆಗೆ 55 ಕಿ.ಮೀ. ವೇಗದಲ್ಲಿ ಓಡಬಲ್ಲದು, ಅಂದರೆ ಸೆಕೆಂಡಿಗೆ 15 ಮೀಟರ್. 20 ಮೀಟರ್ ಆಚೆ ಆಲ್ಡರ್ ಪೊದೆಯಿಂದ ನುಗ್ಗಿದರೆ ನಿಮ್ಮ ಕೈಯಲ್ಲಿರುವುದು ಒಂದೂವರೆ ಸೆಕೆಂಡೂ ಇಲ್ಲ. ಆಗ ರಿವಾಲ್ವರ್ ಹೊರಗೆ ಬಂತಾ ಅನ್ನುವುದೇ ಪ್ರಶ್ನೆ.

ಅದಕ್ಕೇ ಕೇಳುತ್ತೇನೆ, ಎಲ್ಲಿ ಕಟ್ಟುತ್ತೀರಿ? ದೊಡ್ಡ ಬ್ಯಾಗ್ ಹೊತ್ತರೆ ಅದರ ಸೊಂಟದ ಪಟ್ಟಿ ರಿವಾಲ್ವರ್ ಇಡುವ ಹೋಲ್‌ಸ್ಟರ್ ಮೇಲೇ ಕೂರುತ್ತದೆ. ಇಲ್ಲಿ ಬಹಳ ಜನ ಎದೆಗೆ ಕಟ್ಟುವ ಹೋಲ್‌ಸ್ಟರ್ ಹಾಕುವುದು ಇದೇ ಕಾರಣಕ್ಕೆ. ಎದೆ ಮೇಲಿಂದ 4 ಇಂಚಿನದು ಮೊಣಕೈ ಸ್ವಲ್ಪ ಹಿಂದಕ್ಕೆ ಎಳೆದರೆ ಹೊರಗೆ ಬಂತು. 6 ಇಂಚಿನದಕ್ಕೆ ಮೊಣಕೈಯನ್ನು ಭುಜದ ಮಟ್ಟಕ್ಕೆ ಎತ್ತಬೇಕು, ಅಷ್ಟರಲ್ಲಿ ತೋಳು ಬ್ಯಾಗಿನ ಪಟ್ಟಿಗೆ ತಾಗುತ್ತದೆ. ಕೂತು ಶೂ ಲೇಸ್ ಕಟ್ಟಲು ಬಗ್ಗಿದರೆ ಬ್ಯಾರೆಲ್ ತುದಿ ಹೊಟ್ಟೆಗೋ ಸೊಂಟದ ಪಟ್ಟಿಗೋ ಒತ್ತುತ್ತದೆ. ಮಧ್ಯಾಹ್ನದ ಹೊತ್ತಿಗೆ ಬೇಜಾರಾಗಿ ಜನ ಅದನ್ನು ಬಿಚ್ಚಿ ಬ್ಯಾಗಿನೊಳಗೆ ಹಾಕುತ್ತಾರೆ. ಅದನ್ನು ಕಂಡಾಗಲೆಲ್ಲ ನನಗೆ ಹೊಟ್ಟೆ ತೊಳಸುತ್ತದೆ.

ಅಲಾಸ್ಕನ್ ಚಿಕ್ಕದು ಅಂತ ಹಗುರ ಅಂದುಕೊಳ್ಳಬೇಡಿ. ಅದು ಸುಮಾರು 1,250 ಗ್ರಾಂ, 4 ಇಂಚಿನ 629 ಸುಮಾರು 1,180. ನಿಧಾನ ಉರಿಯುವ ಮದ್ದು ಎರಡೂವರೆ ಇಂಚಿನಲ್ಲಿ ಪೂರ್ತಿ ಉರಿಯದೆ ಹೊರಗೆ ಬೆಂಕಿಯಾಗಿ ಬರುತ್ತದೆ. ಮುಸ್ಸಂಜೆಯಲ್ಲಿ ಕಣ್ಣು ಕೋರೈಸುತ್ತದೆ. ವೇಡರ್ (ನೀರಿಳಿಯದ ಉದ್ದ ಪ್ಯಾಂಟು) ಹಾಕಿ ನೀರಲ್ಲಿ ನಿಲ್ಲುವ ಗೆಳೆಯರು ಕೆಲವರು ಅದನ್ನೇ ಇಷ್ಟಪಡುತ್ತಾರೆ, ಅವರಿಗೆ ಸರಿ.

ಮತ್ತೆ, ಯಾರಾದರೂ ಸ್ಮಿತ್ ಅಂಡ್ ವೆಸನ್‌ನದೇ ಹಗುರ .44, 329ಪಿಡಿ ತೋರಿಸಿದರೆ ಮೋಹಕ್ಕೆ ಬೀಳಬೇಡಿ. 4 ಇಂಚೇ, 700 ಗ್ರಾಂ ಆಸುಪಾಸು, ಹೊರಲು ಸುಖ. ಆದರೆ ಒದೆತ ವಿಪರೀತ. ಆ ಒದೆತಕ್ಕೆ ಸಿಲಿಂಡರ್‌ನಲ್ಲಿ ಉಳಿದ ತೋಟಾಗಳ ಗುಂಡು ಮುಂದಕ್ಕೆ ಜರುಗಿ ಸಿಲಿಂಡರ್ ತಿರುಗದೆ ನಿಲ್ಲಬಹುದು. ಭಾರದ ಗುಂಡು ಹಾಕುವವರು ಐದು ಹೊಡೆದು ಆರನೆಯದನ್ನು ಹೊರತೆಗೆದು ಉದ್ದ ಅಳೆದು ನೋಡಬೇಕು.

ಕೊಡಗಿನ ಕೋವಿ

ಎದೆ ಹೋಲ್‌ಸ್ಟರ್ ಲೆಕ್ಕ ನಾನು ಹಾಕಿರಲಿಲ್ಲ, ನಾನು ಕುದುರೆ ಮೇಲೆ ಹೋಗುವವನು. ಒದೆತದ ಮಾತು ಮಾತ್ರ ಬಿಡುವುದಿಲ್ಲ. ಮೇಡಂ, ಕೊಳ್ಳುವ ಮುಂಚೆ .44 ಸ್ಪೆಷಲ್ ತೋಟಾದಿಂದ ಶುರು ಮಾಡಿ. ಅದೇ ರಿವಾಲ್ವರ್‌ಗೆ ಕೂರುತ್ತದೆ, ಒದೆತ ಬಹಳ ಕಡಿಮೆ.

ಸಿಯಾಟಲ್ ಸೀನ

ನಾವೂ ಆಗಸ್ಟ್‌ನಲ್ಲಿ ಕೆನಡಾ ಮೂಲಕ ಕಾರಲ್ಲಿ ಅಲಾಸ್ಕಾಕ್ಕೆ ಬರುತ್ತಿದ್ದೇವೆ. ನಾನು ಎಚ್-1ಬಿ. ಇಲ್ಲೇ ಒಂದು ಕೊಂಡು ತರಬಹುದಾ?

ಕೆನಾಯ್ ವಾಸಿ

ಬೇಡ ಸೀನಣ್ಣ, ಎರಡು ಕಡೆ ಸಿಕ್ಕಿಬೀಳುತ್ತೀರಿ. ಎಚ್-1ಬಿಯಂಥ ವೀಸಾದಲ್ಲಿ ಇರುವವರು ಬಂದೂಕು ಇಟ್ಟುಕೊಳ್ಳುವುದು ಫೆಡರಲ್ ಕಾನೂನಿನ ಪ್ರಕಾರ ಅಪರಾಧ. ಚಾಲ್ತಿಯಲ್ಲಿರುವ ಬೇಟೆ ಲೈಸೆನ್ಸ್‌ನಂಥ ಕೆಲವು ವಿನಾಯಿತಿ ಇವೆ, ಅದನ್ನು ವಕೀಲರ ಹತ್ತಿರ ಕೇಳಿಯೇ ಮುಂದುವರಿಯಿರಿ. ಇನ್ನು ಕೆನಡಾದಲ್ಲಿ 105 ಮಿ.ಮೀ. ಅಥವಾ ಅದಕ್ಕಿಂತ ಗಿಡ್ಡ ಬ್ಯಾರೆಲ್‌ನ ಕೈಬಂದೂಕು ನಿಷೇಧಿತ ವರ್ಗ, ಉದ್ದದ್ದಕ್ಕೂ ಕಟ್ಟುನಿಟ್ಟು. ಸ್ಪ್ರೇ ಸಾಕು. 2008ರಲ್ಲಿ ಬಂದ ಅಲಾಸ್ಕಾದ ಅಧ್ಯಯನದಲ್ಲಿ, ಕಂದು ಕರಡಿಗೆ ಸ್ಪ್ರೇ ಹೊಡೆದ 92% ಪ್ರಸಂಗಗಳಲ್ಲಿ ಅದು ಸುಮ್ಮನಾಗಿದೆ.

ಹಾಸನದ ಹೆಣ್ಮಗಳು

ತುಂಬಾ ಥ್ಯಾಂಕ್ಸ್. ನಿನ್ನೆ ಬ್ಯಾಗ್ ಹೊತ್ತುಕೊಂಡೇ ಅಂಗಡಿಗೆ ಹೋಗಿ, ಖಾಲಿ ರಿವಾಲ್ವರ್ ಎದೆ ಹೋಲ್‌ಸ್ಟರ್‌ನಲ್ಲಿಟ್ಟು ಎರಡನ್ನೂ ಎಳೆದು ನೋಡಿದೆವು. 6 ಇಂಚಿನದು ಯಜಮಾನರಿಗೇ ಪಟ್ಟಿಗೆ ತಾಗಿತು. 4 ಇಂಚಿನದನ್ನು ಎತ್ತಿಡಲು ಹೇಳಿ ಬಂದಿದ್ದೇವೆ. ಸ್ಪ್ರೇ ಎಲ್ಲಿ ಇಟ್ಟುಕೊಳ್ಳಬೇಕು?

ಕೆನಾಯ್ ವಾಸಿ

ನೀವು ಬಲಗೈಯವರಾದರೆ ಸ್ಪ್ರೇ ಎಡ ಭುಜದ ಪಟ್ಟಿಗೆ, ಎಡಗೈಯಲ್ಲೇ ತೆಗೆದು ಅಭ್ಯಾಸ ಮಾಡಿ. ಅಭ್ಯಾಸಕ್ಕೆ ಖಾರವಿಲ್ಲದ ಡಬ್ಬಿ ಸಿಗುತ್ತದೆ. ರಿವಾಲ್ವರ್‌ನ ಮುಂದಿನ ಸೈಟಿಗೆ ಕಿತ್ತಳೆ ಬಣ್ಣ ಹಚ್ಚಿ, ಕಂದು ತುಪ್ಪಳದ ಮೇಲೆ ಕರಿ ಸೈಟ್ ಕಾಣುವುದಿಲ್ಲ. ತಿಂಗಳ ಕೊನೆಗೆ ಆಂಕರೇಜ್‌ಗೆ ಬರುತ್ತಿದ್ದೇನೆ. ರ‍್ಯಾಬಿಟ್ ಕ್ರೀಕ್ ರೇಂಜ್‌ಗೆ ಇಬ್ಬರೂ ಬನ್ನಿ, .44 ಸ್ಪೆಷಲ್ ಒಂದು ಡಬ್ಬ ನಾನೇ ತರುತ್ತೇನೆ.