ಪದ ಬೇಕಿದೆ (ತುರ್ತು): ಮೈಕೋಟಾಕ್ಸಿನ್, ಹೆವಿ ಮೆಟಲ್ – ದನದ ದಾಣಿ ಬಗ್ಗೆ ಬೋರ್ಡಿಗೆ

ಭಾಲ್ಕಿಯಿಂದ:

ಎಲ್ಲರಿಗೂ ಶರಣು. ನಮ್ಮೂರ ಹಾಲಿನ ಸಂಘದ ಗೋಡೆ ಮೇಲೆ ಬೋರ್ಡು ಬರೆಸಬೇಕು, ನಾಳೆ ಮುಂಜಾನೆಗೆ ಒಕ್ಕಣೆ ಕೊಡಬೇಕು. ಮಳೆ ಹಿಡಿದಿದೆ. ಶೇಂಗಾ ಹಿಂಡಿ, ಹತ್ತಿಕಾಳು ಹಿಂಡಿಯ ಚೀಲಗಳನ್ನು ಜನ ಗೋಡೆಗೆ ತಾಗಿಸಿ, ಬರೀ ನೆಲದ ಮೇಲೆ ಒಟ್ಟುತ್ತಾರೆ. ಕೆಳಗಿನ ಚೀಲ ಒತ್ತಿದರೆ ಗಡ್ಡೆ ಕೈಗೆ ಹತ್ತುತ್ತದೆ, ಬಿಚ್ಚಿದರೆ ಹಸಿರು-ಹಳದಿ ಪುಡಿ, ಕಮಟು ವಾಸನೆ. ನನ್ನ ಹತ್ತಿರ ಇರೋದು ಇಂಗ್ಲಿಷ್ ಕರಪತ್ರ. ಅದರಲ್ಲಿನ 'ಮೈಕೋಟಾಕ್ಸಿನ್'ಗೆ (ಆ ಪುಡಿಯಂಥ ಬೆಳವಣಿಗೆ ಬಿಡುವ ವಿಷ) 'ಶಿಲೀಂಧ್ರವಿಷ', 'ಹೆವಿ ಮೆಟಲ್'ಗೆ (ಸೀಸ, ಆರ್ಸೆನಿಕ್‌ನಂಥವು) 'ಭಾರಲೋಹ' ಎಂದು ಬರೆದುಕೊಂಡಿದ್ದೆ. ಸಂಘದ ಹಿರಿಯರೊಬ್ಬರು ಓದಿ, "ಶಿಲೀಂಧ್ರ ಯಾರ ಮಗ ರೀ?" ಅಂದರು. ಬೇರೆ ಪದ ಇದ್ದರೆ ಕೊಡಿ.

ಶಿವಮೊಗ್ಗದಿಂದ:

ಮೊದಲನೆಯದಕ್ಕೆ ಬೂಸುನಂಜು. ಬೂಸು ಅಂದರೆ ಬೂಷ್ಟು. 'ವಿಷ' ಯಾಕೆ, ನಂಜನಗೂಡು ಇರುವ ನಾಡಿನಲ್ಲಿ? ಎರಡನೆಯದಕ್ಕೆ ಬಿಣ್ಪೊನ್ನು. 'ಬಿಣ್ಪು' ಅಂದರೆ ಭಾರ. ಹಳಗನ್ನಡದ 'ಪೊನ್' ಬರೀ ಚಿನ್ನವಲ್ಲ, ಲೋಹವೂ ಹೌದು. ಕಬ್ಬಿಣ ಬಂದದ್ದೇ ಕರಿ ಪೊನ್ನಿನಿಂದ. ಇದ್ದ ಪದ ಬಿಟ್ಟು 'ಲೋಹ'ಕ್ಕೆ ಕೈಚಾಚುವುದು ನಮ್ಮ ಚಟ.

ಸೇಡಂನಿಂದ:

ಮೇವಿನಲ್ಲಿ ಹೊನ್ನಿದೆ ಎಂದು ಗೋಡೆ ಮೇಲೆ ಬರೆಸಿ ನೋಡಿ, ಊರಿಗೆ ಊರೇ ಹಿಂಡಿ ಸೋಸಲು ಬರುತ್ತದೆ.

'ಶಿಲೀಂಧ್ರ'ಕ್ಕೆ ಸಂಸ್ಕೃತದಲ್ಲಿ ಅಣಬೆ ಎಂಬ ಅರ್ಥವೂ ಇದೆ. ಆದ್ದರಿಂದ 'ಶಿಲೀಂಧ್ರವಿಷ' ಎಂದರೆ ಅಣಬೆ ತಿಂದು ಏರಿದ ವಿಷ ಎಂದಾದೀತು. 'ಶಿಲೀಂಧ್ರಜನ್ಯ ವಿಷ' ಎನ್ನಿ, ಮುಗಿಯಿತು. ನಾಳೆ ಯಾರಾದರೂ 'ಬೂಸುವಿಷ' ಎಂದು ತರುವ ಮುಂಚೆ ಹೇಳಿಬಿಡುತ್ತೇನೆ, ಅದು ಅರಿಸಮಾಸ. ಕನ್ನಡ, ಸಂಸ್ಕೃತಗಳನ್ನು ಅರಿಯದೆ ಸಮಾಸದಲ್ಲಿ ಬೆರೆಸುವುದು ಕುದಿಯುವ ಹಾಲಿಗೆ ಮಜ್ಜಿಗೆ ಹನಿ ಬಿಟ್ಟಂತೆ ಎಂದು ಕವಿರಾಜಮಾರ್ಗ ಹೇಳಿದ್ದು ನಮ್ಮ ತಾಲ್ಲೂಕಿನ ಮಳಖೇಡದ ಆಸ್ಥಾನದಲ್ಲೇ. ಹಾಲಿನ ಸಂಘಕ್ಕೆ ಇದಕ್ಕಿಂತ ಒಳ್ಳೆ ಸೂತ್ರ ಬೇಕೆ?

ಶಿವಮೊಗ್ಗದಿಂದ:

ಬೂಸು, ನಂಜು ಎರಡೂ ಕನ್ನಡ. ಅರಿ ಎಲ್ಲಿ ಬಂತು ಸ್ವಾಮಿ?

ಬೀದರ್‌ನಿಂದ:

ನಾನು ಪಶುವೈದ್ಯೆ. ನಿಮ್ಮ ವ್ಯಾಕರಣದ ನಡುವೆ ಬಾಯಿ ಹಾಕುತ್ತಿದ್ದೇನೆ.

'ನಂಜು' ಬರೆಸಬೇಡಿ. ಈ ಕಡೆ ಗಾಯ ಕೀವಾದರೆ ನಂಜು. ಹಾಲಿನಲ್ಲಿ ನಂಜು ಅಂದರೆ ರೈತ ಕೆಚ್ಚಲು ಬಾವು ಅಂದುಕೊಂಡು ಎಮ್ಮೆಗೆ ಸೂಜಿ ಮಾಡಿಸುತ್ತಾನೆ, ಹಿಂಡಿ ಅದೇ ಚೀಲದ್ದೇ ಹಾಕುತ್ತಾನೆ. ಇಲ್ಲಿ ರೋಗಾಣು ಇಲ್ಲ. ಬೂಸರ (ಬೂಸಿಗೆ ಈ ಕಡೆಯ ಹೆಸರು) ಹಿಂಡಿಯಲ್ಲಿ ಬಿಟ್ಟ ಅಫ್ಲಾಟಾಕ್ಸಿನ್ ಬಿ1 ಎಂಬ ವಿಷ ದನದ ಯಕೃತ್ತಿನಲ್ಲಿ ಎಂ1 ಎಂಬ ಇನ್ನೊಂದು ರೂಪವಾಗಿ ಹಾಲಿಗೆ ಇಳಿಯುತ್ತದೆ. ಆ 'ಎಂ' ಮಿಲ್ಕ್‌ನದೇ. ತಿಂದ ಮಾರನೇ ದಿನಕ್ಕೆಲ್ಲ ಹಾಲಿನಲ್ಲಿ ಕಾಣುತ್ತದೆ, ಮೇವು ಬದಲಿಸಿದರೆ ಕೆಲವೇ ದಿನಗಳಲ್ಲಿ ಇಳಿಯುತ್ತದೆ. ಹಾಲು ಒಡೆಯುವುದಿಲ್ಲ, ವಾಸನೆ ಬರುವುದಿಲ್ಲ, ಲ್ಯಾಕ್ಟೋಮೀಟರಿಗೆ ಸಿಗುವುದಿಲ್ಲ, ಕಾಸಿದರೂ ಹೋಗುವುದಿಲ್ಲ. ನಮ್ಮ ದೇಶದ ಮಿತಿ ಕಿಲೋ ಹಾಲಿಗೆ 0.5 ಮೈಕ್ರೊಗ್ರಾಂ, ಯುರೋಪಿನವರದು ಅದರ ಹತ್ತರಲ್ಲೊಂದು. ಆಹಾರ ಸುರಕ್ಷತಾ ಪ್ರಾಧಿಕಾರ 2018ರಲ್ಲಿ ದೇಶದ ಉದ್ದಗಲಕ್ಕೂ ತೆಗೆದ 6,432 ಹಾಲಿನ ಮಾದರಿಗಳಲ್ಲಿ ಶೇ 5.7ರಷ್ಟು ನಮ್ಮ ದೇಶದ ಮಿತಿಯನ್ನೇ ಮೀರಿದ್ದವು.

'ಭಾರಲೋಹ' ಇನ್ನೂ ಕಷ್ಟ. ಮೇವಿನಲ್ಲಿ ಲೋಹ ಅಂದರೆ ಊರಲ್ಲಿ ಮೊಳೆ, ತಂತಿ. ದನ ಅವನ್ನು ನುಂಗಿ ಹೊಟ್ಟೆ ಚುಚ್ಚಿಸಿಕೊಂಡದ್ದನ್ನು ಎಲ್ಲರೂ ಕಂಡಿದ್ದಾರೆ. 'ಸೀಸ' ಬರೆದರೆ ಇಲ್ಲಿ ಅರ್ಧ ಮಂದಿಗೆ ಅದು ಬಾಟಲಿ. ಒಡೆದ ಗಾಜು ಆರಿಸಿ ತೆಗೆದು ಸಮಾಧಾನ ಪಡುತ್ತಾರೆ. ಮೇಲಾಗಿ ತೂಕದ ಲೆಕ್ಕಕ್ಕೆ ಹೋದರೆ ನಮ್ಮ ಬಿದರಿ ಕೆಲಸದ ಜಸ್ತ (ಸತು), ತಾಮ್ರ ಎರಡೂ ಭಾರಲೋಹಗಳೇ. ಅವನ್ನು ಖನಿಜ ಮಿಶ್ರಣದಲ್ಲಿ ನಾವೇ ತಿನ್ನಿಸುತ್ತೇವೆ, ಪ್ಯಾಕೆಟ್ ಮೇಲೆ ಬರೆದೇ ಇರುತ್ತದೆ. ಗೋಡೆ ಬೇಡ ಅನ್ನುತ್ತದೆ, ಪ್ಯಾಕೆಟ್ ಬೇಕು ಅನ್ನುತ್ತದೆ. ಆದ್ದರಿಂದ ಜಾತಿಯ ಹೆಸರು ಬಿಟ್ಟು, ಬರುವ ದಾರಿ ಹೇಳಿ: ದನ ನೆಕ್ಕುವ ಹಳೇ ಬ್ಯಾಟರಿ, ಬಣ್ಣದ ಡಬ್ಬಿ, ಕಾರ್ಖಾನೆ ನೀರು ಹರಿಯುವ ನಾಲೆಯ ದಂಡೆ ಹುಲ್ಲು.

ಸುರಪುರದಿಂದ:

ಮೇಡಂ ಹೇಳಿದ್ದು ಖರೆ. ಆರ್ಸೆನಿಕ್‌ಗೆ 'ಪಾಷಾಣ' ಅನ್ನೋದನ್ನೂ ಬಿಡ್ರಿ, ಅದು ಇಲಿಗೆ ಇಡೋದು. ನಮ್ಮ ತಾಲ್ಲೂಕಿನ ಕಿರದಳ್ಳಿ ತಾಂಡಾದ ನೀರಿನಲ್ಲಿ ಆರ್ಸೆನಿಕ್ ಸಿಕ್ಕ ಮೇಲೆ ಜನ ಆರ್ಸೆನಿಕ್ ಅಂತಲೇ ಕರೀತಾರ, ಯಾರಿಗೂ ತೊಡಕಾಗಿಲ್ಲ.

ಮೇಡಂ ಬರೆದ 'ಬೂಸರ' ಸಾಕು. 'ಬೂಷ್ಟು' ಶಿವಮೊಗ್ಗ ಕಡೆಯವರದು. ಮರಾಠಿಯ 'ಬುರಶಿ' ನಮ್ಮ 'ಬೂಸರ'ದಿಂದಲೇ ಹೋದದ್ದು ಅಂತ ನನ್ನ ಗುಮಾನಿ.

ಸೇಡಂನಿಂದ:

ಗುಮಾನಿ ಎಂಬುದೇ ಫಾರಸಿ. ಧ್ವನಿ ಹೋಲಿದ ಮಾತ್ರಕ್ಕೆ ನೆಂಟಸ್ತನ ಕಟ್ಟಬೇಡಿ.

ಸುರಪುರದಿಂದ:

'ಖರೆ'ನೂ ಹೊರಗಿಂದೇ ರೀ. ದಾಣಿ, ಚೀಲ, ಸಂಘ ಅಂತ ಒಂದೊಂದಕ್ಕೂ ಪರವಾನಗಿ ಕೇಳ್ತಾ ಕೂತರ ದನ ಉಪವಾಸ.

ಶಿವಮೊಗ್ಗದಿಂದ:

ಇದೇ ಸೋಮಾರಿತನದಿಂದ ಅಫ್ಲಾಟಾಕ್ಸಿನ್ ಹಾಗೇ ಉಳಿಯುತ್ತದೆ. ಇಂಗ್ಲಿಷಿನವರೇನು ಮಾಡಿದರು? 1960ರಲ್ಲಿ ಇಂಗ್ಲೆಂಡಿನಲ್ಲಿ ಬ್ರೆಜಿಲ್‌ನ ಶೇಂಗಾ ಹಿಂಡಿ ತಿಂದು ಲಕ್ಷಕ್ಕೂ ಹೆಚ್ಚು ಟರ್ಕಿ ಕೋಳಿ ಸತ್ತವು. ಕಾರಣ ಸಿಕ್ಕ ಕೂಡಲೇ ಆಸ್ಪರ್ಜಿಲಸ್ ಫ್ಲೇವಸ್ ಎಂಬ ಆ ಬೂಸಿನ ಹೆಸರಿನಿಂದ 'ಅ', 'ಫ್ಲಾ' ಕತ್ತರಿಸಿ ಹೆಸರು ಕಟ್ಟಿದರು. 'ಟಾಕ್ಸಿನ್' ಗ್ರೀಕರ ಬಾಣಕ್ಕೆ ಹಚ್ಚುತ್ತಿದ್ದ ವಿಷ. ನಾವೂ ಕಟ್ಟಬಹುದು.

ಸೇಡಂನಿಂದ:

ಅಂದರೆ ಅವರೂ ಲ್ಯಾಟಿನ್, ಗ್ರೀಕಿಗೇ ಹೋದರು. ನಿಮ್ಮ ವಾದ ನೀವೇ ಮುರಿದಿರಿ.

ಭಾಲ್ಕಿಯಿಂದ:

ಒಕ್ಕಣೆ ಹೀಗೆ ಮಾಡಿದ್ದೇನೆ: "ಬೂಸರ ಹತ್ತಿದ ಹಿಂಡಿ, ಕಣಕಿ ದನಕ್ಕ ಹಾಕಬ್ಯಾಡ್ರಿ. ಅದರ ವಿಷ ಹಾಲಿಗಿ ಬರ್ತದ, ಕಾಸಿದ್ರೂ ಹೋಗಲ್ಲ. ಚೀಲ ಹಲಗಿ ಮ್ಯಾಲ, ಗ್ವಾಡಿಗಿ ದೂರ ಇಡ್ರಿ. ಹಳೇ ಬ್ಯಾಟ್ರಿ, ಬಣ್ಣದ ಡಬ್ಬಿ ದನದ ಬಾಯಿಗಿ ಸಿಗಬಾರದು."

ಸೇಡಂನಿಂದ:

ಸಾರ್ವಜನಿಕ ಫಲಕದಲ್ಲಿ 'ಹಾಕಬ್ಯಾಡ್ರಿ'! ನಾನಿನ್ನು ಈ ಚರ್ಚೆಯಲ್ಲಿಲ್ಲ.

ಬೀದರ್‌ನಿಂದ:

'ಬೂಸರ ಹತ್ತಿದ ಹಿಂಡಿ' ಅಂತಷ್ಟೇ ಬೇಡ, 'ಬೂಸರ ಹತ್ತಿದ ಚೀಲ ಪೂರಾ' ಅನ್ನಿ. ಇಲ್ಲದಿದ್ದರೆ ಗಡ್ಡೆ ಮಾತ್ರ ಕಿತ್ತು ಒಗೆದು, ಉಳಿದದ್ದನ್ನು ಬಿಸಿಲಿಗೆ ಹಾಕಿ ಎಮ್ಮೆ ಮುಂದೆ ಇಡುತ್ತಾರೆ. ಬಿಸಿಲಿಗೆ ಹಿಂಡಿ ಒಣಗುತ್ತದೆ. ಒಳಗೆ ಇಳಿದ ವಿಷ ಪೂರ್ತಿ ಹೋಗುವುದಿಲ್ಲ, ಕಣ್ಣಿಗೆ ಬೂಸರ ಕಾಣದ ಕಡೆಯೂ ಅದು ಇರುತ್ತದೆ.