ಗಾಜಿನ ಡಬ್ಬಿಗಳ ಮೇಲೆ ಸಂಜೆ ಬಿಸಿಲು: ದಿನಸಿಯ ಸತ್ವ ಹೋಗುತ್ತಾ?

ವಿನೋಬನಗರ_ಅಡುಗೆಮನೆ

ಊರು ದಾವಣಗೆರೆ. ಅಡುಗೆಮನೆ ಕಿಟಕಿ ಪಶ್ಚಿಮಕ್ಕಿದೆ, ಶೆಲ್ಫಿಗೆ ಬಾಗಿಲಿಲ್ಲ. ಮಧ್ಯಾಹ್ನ ಮೂರೂವರೆಯಿಂದ ಐದೂವರೆ ತನಕ ಕೆಳಗಿನ ಎರಡು ಸಾಲಿಗೆ ಕಿಟಕಿ ಗಾಜಿನ ಮೂಲಕ ನೇರ ಬಿಸಿಲು ಬೀಳುತ್ತೆ. ರಾತ್ರಿ ಎಲ್‌ಇಡಿ ಟ್ಯೂಬ್‌ಲೈಟ್. ಆ ಎರಡು ಸಾಲಲ್ಲಿ ಇರೋದು ಇಷ್ಟು: 5 ಲೀಟರ್ ಕ್ಯಾನಿನಲ್ಲಿ ಗಾಣದ ಶೇಂಗಾ ಎಣ್ಣೆ, 1 ಲೀಟರ್ ಬಾಟಲಿಯಲ್ಲಿ ಸೂರ್ಯಕಾಂತಿ ಎಣ್ಣೆ (ವಿಟಮಿನ್ ಎ, ಡಿ ಸೇರಿಸಿದ ಗುರುತಿದೆ), ಗಾಜಿನ ಭರಣಿಗಳಲ್ಲಿ ತೊಗರಿಬೇಳೆ, ರಾಗಿ, ಜೋಳದ ಹಿಟ್ಟು, ಬ್ಯಾಡಗಿ ಖಾರದಪುಡಿ, ಅರಿಶಿನ, ಶೇಂಗಾ ಚಟ್ನಿಪುಡಿ, ಗುರೆಳ್ಳು ಪುಡಿ. ಕೆಳಗೆ ಬುಟ್ಟಿಯಲ್ಲಿ ಆಲೂಗಡ್ಡೆ. ಹಾಲಿನ ಪ್ಯಾಕೆಟ್ ಬೆಳಿಗ್ಗೆ ಆರಕ್ಕೆ ಬಂದು ಗೇಟಿನ ಚೀಲದಲ್ಲಿ ಎಂಟರವರೆಗೂ ಇರುತ್ತೆ.

25 ಭರಣಿ ತೆಗೆದು ಸ್ಟೀಲ್ ಡಬ್ಬಿ ತರಬೇಕಾ? ಬೆಳಕಿಗೆ ನಿಜವಾಗಿ ಹಾಳಾಗೋದು ಯಾವುದು, ಆಗದೇ ಇರೋದು ಯಾವುದು ಅಂತ ಬಿಡಿಸಿ ಹೇಳಿದರೆ ಉಪಕಾರ.

ರಸಾಯನ_ರಾಗಿಮುದ್ದೆ

25 ಡಬ್ಬಿ ತರೋದು ಬೇಡ. ನಿಮ್ಮ ಪಟ್ಟಿಯಲ್ಲಿ ಬೆಳಕಿಗೆ ಹೆದರಬೇಕಾದವು ಹಾಲು, ಎರಡೂ ಎಣ್ಣೆ, ಬಣ್ಣದ ಪುಡಿಗಳು, ಎಣ್ಣೆಕಾಳಿನ ಪುಡಿಗಳು ಮತ್ತು ಆಲೂಗಡ್ಡೆ. ಅಷ್ಟೇ.

ಬೆಳಕು ಬಿದ್ದ ಮಾತ್ರಕ್ಕೆ ಏನೂ ಆಗಲ್ಲ, ಅದನ್ನು ಹೀರುವ ಪದಾರ್ಥ ಒಳಗಿರಬೇಕು. ಆಹಾರದಲ್ಲಿ ಈ ಕೆಲಸ ಮಾಡೋದು ಮುಖ್ಯವಾಗಿ ಎರಡು: ರೈಬೋಫ್ಲೇವಿನ್, ಅಂದರೆ ವಿಟಮಿನ್ ಬಿ2, ಮತ್ತು ಎಲೆ ಹಸಿರಿನ ಕ್ಲೋರೊಫಿಲ್. ರೈಬೋಫ್ಲೇವಿನ್ ಹಳದಿ ಬಣ್ಣದ್ದು, ನೀಲಿ ಬೆಳಕನ್ನು, ಸುಮಾರು 450 ನ್ಯಾನೋಮೀಟರ್ ಆಸುಪಾಸಿನದನ್ನು, ಚೆನ್ನಾಗಿ ಹೀರುತ್ತೆ. ಹೀರಿಕೊಂಡು ತಾನೂ ಒಡೆಯುತ್ತೆ, ಪಕ್ಕದ ಆಮ್ಲಜನಕವನ್ನೂ ಕೆರಳಿಸುತ್ತೆ. ಕೆರಳಿದ ಆಮ್ಲಜನಕ ಕೊಬ್ಬು, ವಿಟಮಿನ್ ಎ, ಸಿ, ಫೋಲೇಟ್ (ಬಿ ಗುಂಪಿನ ಇನ್ನೊಂದು ವಿಟಮಿನ್) ಎಲ್ಲದರ ಮೇಲೂ ಬೀಳುತ್ತೆ. ಹಾಗಾಗಿ ಹಾಲಿನಲ್ಲಿ ಬಿ2 ಒಬ್ಬಂಟಿಯಾಗಿ ಹೋಗಲ್ಲ, ಜೊತೆಯವರನ್ನೂ ಎಳೆದುಕೊಂಡೇ ಹೋಗುತ್ತೆ. ಕಿಟಕಿ ಗಾಜು ತಡೆಯುತ್ತೆ ಅಂತ ನಂಬಬೇಡಿ. ಅದು ತಡೆಯೋದು ಅತಿನೇರಳೆಯ ಒಂದು ಭಾಗವನ್ನು ಮಾತ್ರ, ನೀಲಿ ಬೆಳಕು ಸಲೀಸಾಗಿ ಒಳಗೆ ಬರುತ್ತೆ.

ಇನ್ನು ಹೆದರಬೇಕಿಲ್ಲದವು. ಕಬ್ಬಿಣ, ಕ್ಯಾಲ್ಸಿಯಂ, ಸತು ಇವೆಲ್ಲ ಮೂಲಧಾತುಗಳು, ಬೆಳಕಿಗೆ ಒಡೆಯೋಕೆ ಅಲ್ಲಿ ಏನೂ ಇಲ್ಲ. ರಾಗಿಯ ಕ್ಯಾಲ್ಸಿಯಂ ಗಾಜಿನಲ್ಲಿದ್ದರೂ ಅಷ್ಟೇ, ತಗಡಿನಲ್ಲಿದ್ದರೂ ಅಷ್ಟೇ. ಪಿಷ್ಟ, ನಾರು, ನಯಾಸಿನ್ (ವಿಟಮಿನ್ ಬಿ3) ಕೂಡ ಗಟ್ಟಿ. ಬೇಳೆಯ ಬಿ1ಗೆ ಶತ್ರು ಶಾಖ ಮತ್ತು ಕ್ಷಾರ. ಬೇಗ ಬೇಯಲಿ ಅಂತ ಚಿಟಿಕೆ ಸೋಡಾ ಹಾಕ್ತಾರಲ್ಲ, ಅದು ಮಾಡುವ ಹಾನಿ ನಿಮ್ಮ ಕಿಟಕಿ ಮಾಡಲ್ಲ. ಜೊತೆಗೆ ಕಾಳಿನ ಭರಣಿಯಲ್ಲಿ ಬೆಳಕು ಮುಟ್ಟೋದು ಗಾಜಿಗೆ ತಾಗಿದ ಒಂದು ಪದರವನ್ನು, ಹಿಂದಿನ ಕಾಳೆಲ್ಲ ಅದರ ನೆರಳಲ್ಲೇ ಇರುತ್ತೆ. ಎಣ್ಣೆ, ಹಾಲು ಹಾಗಲ್ಲ: ದ್ರವ ಒಳಗೇ ತಿರುಗುತ್ತಾ ಎಲ್ಲವೂ ಸರದಿಯಲ್ಲಿ ಬೆಳಕಿಗೆ ಬರುತ್ತೆ.

ಬಿಸಿಲು ಮತ್ತು ಟ್ಯೂಬ್‌ಲೈಟ್ ಎರಡನ್ನೂ ಒಂದೇ ತಕ್ಕಡಿಯಲ್ಲಿ ತೂಗಬೇಡಿ. ಬಟಾಬಯಲಿನ ನಡುಮಧ್ಯಾಹ್ನದ ಬಿಸಿಲು ಸುಮಾರು 1 ಲಕ್ಷ ಲಕ್ಸ್ (ಲಕ್ಸ್ ಅಂದರೆ ಬೆಳಕು ಎಷ್ಟು ಬೀಳುತ್ತೆ ಅನ್ನೋದರ ಅಳತೆ). ಗಾಜು ದಾಟಿ ಬರುವ ಸಂಜೆ ಬಿಸಿಲನ್ನು 40 ಸಾವಿರ ಅಂತಿಟ್ಟುಕೊಂಡರೂ ಎರಡು ತಾಸಿಗೆ 80 ಸಾವಿರ ಲಕ್ಸ್-ತಾಸು ಆಯ್ತು. ಮನೆಯ ಟ್ಯೂಬ್‌ಲೈಟ್ 200 ಲಕ್ಸ್ ಕೊಟ್ಟರೆ ದಿನಕ್ಕೆ ಐದು ತಾಸಿಗೆ ಸಾವಿರ. ಒಂದು ಸಂಜೆಯ ಬಿಸಿಲಿಗೆ ಸಮ ಆಗಬೇಕಾದರೆ ಟ್ಯೂಬ್‌ಲೈಟ್ 80 ದಿನ ಉರಿಯಬೇಕು. ಆದ್ದರಿಂದ ಮೊದಲ ಕೆಲಸ, ದುಡ್ಡಿಲ್ಲದ ಕೆಲಸ: ಮೇಲೆ ಹೇಳಿದ ಐದನ್ನು ಬಿಸಿಲು ತಾಗದ ಸಾಲಿಗೆ ಎತ್ತಿಡಿ.

ಬೇಳೆ, ಹಿಟ್ಟಿನ ಭರಣಿಯನ್ನೂ ಬಿಸಿಲಿಂದ ಸರಿಸೋದು ಒಳ್ಳೇದೇ, ಆದರೆ ಕಾರಣ ಬೇರೆ. ಸಂಜೆ ಗಾಜು ಕಾದು ಕಾಳಿನ ತೇವ ಆವಿಯಾಗಿ ಮೇಲೇರುತ್ತೆ, ರಾತ್ರಿ ಮುಚ್ಚಳದ ಒಳಗೆ ಹನಿಗಟ್ಟುತ್ತೆ. ಮುಗ್ಗಲು, ನುಸಿ ಶುರುವಾಗೋದು ಅಲ್ಲಿಂದ.

ಚಳ್ಳಕೆರೆ_ಗಾಣ

ಎಣ್ಣೆ ಬಗ್ಗೆ ನಾನು ಹೇಳ್ತೀನಿ, ಮೇಡಂ.

ಕತ್ತಲಲ್ಲಿ ಎಣ್ಣೆ ಕಮಟಾಗೋದಕ್ಕೂ ಬೆಳಕಲ್ಲಿ ಆಗೋದಕ್ಕೂ ಭಾಳ ವ್ಯತ್ಯಾಸ ಐತಿ. ಬೆಳಕಿಗೆ ಕೆರಳಿದ ಆಮ್ಲಜನಕ ಲಿನೋಲಿಕ್ ಕೊಬ್ಬಿನ ಜೊತೆ ಸೇರೋ ವೇಗ ಮಾಮೂಲಿ ಆಮ್ಲಜನಕದ ಸಾವಿರ ಪಟ್ಟಿಗೂ ಮೇಲೆ. ಸೂರ್ಯಕಾಂತಿಯಲ್ಲಿ ಲಿನೋಲಿಕ್ ಹೆಚ್ಚು, ಶೇಂಗಾದಲ್ಲಿ ಕಮ್ಮಿ, ಅಗಸಿ ಎಣ್ಣೆಯಲ್ಲಿ ಅದಕ್ಕಿಂತ ಸೂಕ್ಷ್ಮವಾದ ಲಿನೋಲೆನಿಕ್. ಹಾಗಾಗಿ ಕೆಡೋ ಸರದಿ: ಅಗಸಿ ಮೊದಲು, ಆಮೇಲೆ ಗುರೆಳ್ಳು ಮತ್ತು ಸೂರ್ಯಕಾಂತಿ, ಶೇಂಗಾ ಕೊನೆಗೆ. ಎಣ್ಣೆ ಕೆಡುವಾಗ ಮೊದಲು ಖರ್ಚಾಗೋದು ಅದರೊಳಗಿನ ವಿಟಮಿನ್ ಇ. ಮೂಗಿಗೆ ಕಮಟು ಗೊತ್ತಾಗೋ ಹೊತ್ತಿಗೆ ಅದರಲ್ಲಿ ಸುಮಾರು ಹೋಗಿರುತ್ತೆ.

ಸೂರ್ಯಕಾಂತಿ ಬಾಟಲಿಗೆ ಸೇರಿಸಿರೋ ವಿಟಮಿನ್ ಎ ಬೆಳಕಿಗೆ ಇನ್ನೂ ನಾಜೂಕು. ಕೇಂದ್ರದ ಆಹಾರ ಸುರಕ್ಷತಾ ಪ್ರಾಧಿಕಾರ ಎಫ್‌ಎಸ್‌ಎಸ್‌ಎಐ ಪ್ರಕಾರ ಅಂಥ ಎಣ್ಣೆಯ ಪ್ರತಿ ಗ್ರಾಮಿಗೆ 6ರಿಂದ 9.9 ಮೈಕ್ರೋಗ್ರಾಂ ಎ ಇರಬೇಕು. ಕಾರ್ಖಾನೆಯವರು ಅಳತೆ ಸರಿಯಾಗಿ ಹಾಕಿದ್ರೂ ತಿಳಿ ಬಾಟಲಿ ದಿನಾ ಬಿಸಿಲಿಗೆ ನಿಂತರೆ ಬಾಣಲೆಗೆ ಬೀಳೋ ಹೊತ್ತಿಗೆ ಆ ಅಳತೆ ಉಳಿಯಲ್ಲ.

ಮಾಡಬೇಕಾದ್ದು ಹೀಗೆ. 5 ಲೀಟರ್ ಕ್ಯಾನಿಗೆ ದಪ್ಪ ಕಂದು ಕಾಗದ ಎರಡು ಸುತ್ತು ಸುತ್ತಿ, ಇಲ್ಲಾ ಹಳೇ ಗೋಣಿಚೀಲದೊಳಗೆ ಇಳಿಸಿ, ಒಲೆಯಿಂದ ದೂರ ಇಡ್ರಿ. ವಾರಕ್ಕೆ ಬೇಕಾದಷ್ಟು, ಅರ್ಧ ಅಥವಾ ಮುಕ್ಕಾಲು ಲೀಟರ್, ಮುಚ್ಚಳದ ಸ್ಟೀಲ್ ಜಗ್ಗಿಗೆ ಬಗ್ಗಿಸಿಕೊಳ್ಳಿ. ಕ್ಯಾನ್ ಅರ್ಧ ಆದಾಗ ಉಳಿದದ್ದನ್ನು ಸಣ್ಣ ಬಾಟಲಿಗಳಿಗೆ ಕುತ್ತಿಗೆ ತನಕ ತುಂಬಿ, ಮೇಲೆ ಗಾಳಿ ಇರಬಾರದು. ತಾಮ್ರ, ಕಲಾಯಿ ಇಲ್ಲದ ಹಿತ್ತಾಳೆ ಪಾತ್ರೆ ಬ್ಯಾಡವೇ ಬ್ಯಾಡ, ತಾಮ್ರದ ಅಂಶ ಕಮಟನ್ನು ಓಡಿಸಿಕೊಂಡು ತರುತ್ತೆ.

ಎಲ್ಲರೂ ಮಾಡೋ ತಪ್ಪು ಒಂದೈತಿ: ಜಗ್ಗಿನ ತಳದಲ್ಲಿ ಹಳೇ ಎಣ್ಣೆ ಇರುವಾಗಲೇ ಮೇಲೆ ಹೊಸದು ಸುರಿಯೋದು. ಹಳೇದರಲ್ಲಿರೋ ಪೆರಾಕ್ಸೈಡ್ (ಎಣ್ಣೆ ಕೆಡುವಾಗ ಹುಟ್ಟೋ ಅಂಶ) ಮಜ್ಜಿಗೆ ಹೆಪ್ಪಿನ ಹಂಗೆ ಕೆಲಸ ಮಾಡುತ್ತೆ. ಪ್ರತಿ ಸಲ ಬಿಸಿನೀರು, ಸೋಪು ಹಾಕಿ ತೊಳೆದು, ಪೂರ್ತಿ ಒಣಗಿದ ಮೇಲೆ ತುಂಬಬೇಕು.

ಗಾಣದ ಎಣ್ಣೆ ಗಸಿ ಇಳೀಲಿ ಅಂತ ಬಿಸಿಲಿಗಿಡೋ ರೂಢಿ ಐತಲ್ಲ, ಅಲ್ಲಿ ಬೇಕಾಗಿರೋದು ಕಾವು. ಕಾವಿಗೆ ಎಣ್ಣೆ ತೆಳುವಾಗಿ ಗಸಿ ಕೂರುತ್ತೆ. ಗಾಜಿನ ಬಾಟಲಿ ಬದಲು ಮುಚ್ಚಿದ ಸ್ಟೀಲ್ ಡ್ರಮ್ ಬಿಸಿಲಿಗಿಟ್ಟರೂ ಅದೇ ಕಾವು ಸಿಗುತ್ತೆ, ಬೆಳಕಿನ ಕಾಟ ಇರಲ್ಲ.

ಬೆಣ್ಣೆದೋಸೆ_ಬೆಳಗ್ಗೆ

ಬಿಸಿಲಿಗಿಟ್ಟರೆ ವಿಟಮಿನ್ ಡಿ ಹೆಚ್ಚಾಗುತ್ತೆ ಅಂತಾರಲ್ಲ? ಹಾಲು, ಎಣ್ಣೆ ಸ್ವಲ್ಪ ಹೊತ್ತು ಬಿಸಿಲಲ್ಲಿದ್ದರೆ ಲಾಭವೇ ಅಲ್ವಾ? ಮತ್ತೆ ನಾವು ಜೋಳ, ಮೆಣಸಿನಕಾಯಿ ಎಲ್ಲಾ ಬಿಸಿಲಿಗೇ ಹಾಕೋದು.

ರಸಾಯನ_ರಾಗಿಮುದ್ದೆ

ಡಿ ಹೆಚ್ಚಾಗೋದು ಅಣಬೆಯಲ್ಲಿ, ಸರ್. ಅದರಲ್ಲಿರುವ ಎರ್ಗೋಸ್ಟೆರಾಲ್ ಅತಿನೇರಳೆ-ಬಿ ಕಿರಣಕ್ಕೆ ಡಿ2 ಆಗುತ್ತೆ. ಹೋಳು ಮಾಡಿದ ಅಣಬೆಯನ್ನು, ಕೆಳಗಿನ ಗೆರೆಗೆರೆ ಭಾಗ ಮೇಲೆ ಮಾಡಿ, ಬಯಲಲ್ಲಿ ಮಧ್ಯಾಹ್ನ ಹನ್ನೊಂದರಿಂದ ಎರಡರ ನಡುವೆ ಇಡಬೇಕು. ಗಾಜಿನ ಹಿಂದಿಟ್ಟರೆ ಫಲ ಇಲ್ಲ, ಆ ಕಿರಣವನ್ನೇ ಗಾಜು ತಡೆಯೋದು. ಹಾಲು, ಎಣ್ಣೆಗೆ ಬಿಸಿಲಿಂದ ನಷ್ಟವೇ.

ಜೋಳ ಒಣಗಿಸೋದು ಸರಿಯಾದ ಕೆಲಸ. ತೇವ 12 ಶೇಕಡಾದ ಕೆಳಗೆ ಇಳಿದರೆ ಹುಳ, ಬೂಷ್ಟು ಎರಡಕ್ಕೂ ಕಷ್ಟ. ಅದರ ಮುಂದೆ ಬೆಳಕಿನ ನಷ್ಟ ಲೆಕ್ಕಕ್ಕಿಲ್ಲ. ಶೇಂಗಾವನ್ನಂತೂ ಒಣಗಿಸದೆ ಇಟ್ಟರೆ ಅಫ್ಲಾಟಾಕ್ಸಿನ್, ಅಂದರೆ ಬೂಷ್ಟಿನಿಂದ ಹುಟ್ಟುವ ವಿಷದ ಭಯ ಇದೆ. ಸಿಪ್ಪೆ ಸಮೇತ ಒಣಗಿಸಿ, ಸಿಪ್ಪೆಯೇ ಒಳ್ಳೇ ಪರದೆ.

ಸೊಪ್ಪಿನ ವಿಷಯ ತಿರುಗಾಮುರುಗಾ. ಕಿತ್ತ ಮೇಲೂ ಜೀವ ಇರುವ ಪಾಲಕ್ ಎಲೆ ಬೆಳಕಲ್ಲಿದ್ದರೆ ಫೋಲೇಟ್, ವಿಟಮಿನ್ ಸಿ ಮಾಡಿಕೊಳ್ಳೋದೂ ಉಂಟು, ಆದರೆ ಬೇಗ ಬಾಡುತ್ತೆ. ಒಣಗಿಸುವ ಸೊಪ್ಪಿಗೆ ಮಾತ್ರ ನೆರಳೇ ಬೇಕು. ನುಗ್ಗೆ, ಕರಿಬೇವು ತೊಳೆದು ನೀರು ಬಸಿದು, ಹತ್ತಿ ಬಟ್ಟೆ ಮೇಲೆ ಒಂದೇ ಪದರವಾಗಿ ಹರಡಿ, ಫ್ಯಾನ್ ಗಾಳಿಗೆ ಮೂರ್ನಾಲ್ಕು ದಿನ. ಮುಟ್ಟಿದರೆ ಪುಡಿಯಾಗುವಾಗಲೂ ಹಸಿರು ಉಳಿದಿದ್ದರೆ ಕ್ಯಾರೊಟಿನ್ (ದೇಹದಲ್ಲಿ ವಿಟಮಿನ್ ಎ ಆಗುವ ಬಣ್ಣದ ಅಂಶ) ಕೂಡ ಬಹಳಷ್ಟು ಉಳಿದಿದೆ ಅಂತ. ಬಿಸಿಲಲ್ಲಿ ಒಣಗಿದ್ದು ಹುಲ್ಲಿನ ಬಣ್ಣಕ್ಕೆ ತಿರುಗಿರುತ್ತೆ.

ಕಿರಾಣಿ_ಲೆಕ್ಕ

ಪುಡಿಗಳ ಬಗ್ಗೆ. ಸೀರೆಗೆ ಬಿದ್ದ ಅರಿಶಿನ ಕಲೆ ಬಿಸಿಲಿಗೆ ಒಣಹಾಕಿದರೆ ತಾನೇ ಮಾಯ ಆಗುತ್ತಲ್ಲ, ಭರಣಿಯಲ್ಲಿ ಆಗೋದೂ ಅದೇ, ನಿಧಾನಕ್ಕೆ. ಅರಿಶಿನಕ್ಕೆ ಹಳದಿ ಕೊಡುವ ಕರ್ಕ್ಯುಮಿನ್ ಬೆಳಕಿಗೆ ಒಡೆಯುತ್ತೆ. ಬ್ಯಾಡಗಿಯ ಕೆಂಪು ಕ್ಯಾರೊಟಿನಾಯ್ಡ್‌ಗಳದ್ದು, ಅದರಲ್ಲಿ ಒಂದಷ್ಟು ದೇಹದೊಳಗೆ ವಿಟಮಿನ್ ಎ ಆಗುವಂಥದ್ದು. ಖಾರದ ಅಂಶ ಬೇರೆ, ಅದು ಸುಲಭಕ್ಕೆ ಹೋಗಲ್ಲ. ಅದಕ್ಕೇ ಬಿಳಿಚಿದ ಖಾರದಪುಡಿ ಬಾಯಿಗೆ ಖಾರವಾಗೇ ಇರುತ್ತೆ, ಸಾರಿಗೆ ಬಣ್ಣ ಮಾತ್ರ ಬರಲ್ಲ. ತಿಂಗಳಿಗೆ ಆಗುವ 100–150 ಗ್ರಾಂ ಹೊರಗಿಟ್ಟುಕೊಂಡು ಉಳಿದದ್ದು ಸ್ಟೀಲ್ ಡಬ್ಬಿಗೆ. ಇಡೀ ಮೆಣಸಿನಕಾಯಿ, ಅರಿಶಿನ ಕೊಂಬು ತಂದು ಬೇಕಾದಾಗ ಪುಡಿ ಮಾಡಿಸಿದರೆ ಇನ್ನೂ ಚೆಂದ.

ಶೇಂಗಾ, ಗುರೆಳ್ಳು ಪುಡಿಯನ್ನು ಎಣ್ಣೆಯ ಲೆಕ್ಕಕ್ಕೇ ಹಾಕಿ. ಪುಡಿಯಾದ ಮೇಲೆ ಗಾಳಿ, ಬೆಳಕು ಎರಡೂ ಒಳಗೆ ನುಗ್ಗುತ್ತೆ. ಹದಿನೈದು ದಿನಕ್ಕೆ ಮುಗಿಯುವಷ್ಟೇ ಮಾಡಿ.

ಆಲೂಗಡ್ಡೆ ಹಸಿರಾದರೆ ಆ ಹಸಿರು ಬರೀ ಕ್ಲೋರೊಫಿಲ್, ಅದರಿಂದ ತೊಂದರೆ ಇಲ್ಲ. ಆದರೆ ಅದೇ ಬೆಳಕಿಗೆ ಸೊಲನೈನ್ ಅನ್ನೋ ವಿಷದ ಅಂಶ ಕೂಡ ಏರಿರುತ್ತೆ, ಕುದಿಸಿದರೂ ಹೋಗಲ್ಲ. ಸಣ್ಣ ಮಚ್ಚೆಯಾದರೆ ದಪ್ಪಗೆ ಕೆತ್ತಿ ತೆಗೀರಿ, ಅರ್ಧಕ್ಕರ್ಧ ಹಸಿರಾಗಿದ್ದರೆ ಅಥವಾ ಕಹಿ ಬಂದರೆ ಎಸೀರಿ. ಬುಟ್ಟಿ ಮೇಲೆ ಗೋಣಿತಾಟು ಹೊದಿಸಿದರೆ ಸಾಕು, ಪ್ಲಾಸ್ಟಿಕ್ ಬೇಡ, ಬೆವೆತು ಕೊಳೆಯುತ್ತೆ. ಅಂಗಡಿ ಎಲ್‌ಇಡಿ ಕೆಳಗೆ ಹಗಲುರಾತ್ರಿ ಇರುವ ರಾಶಿಯಲ್ಲಿ ಮೇಲಿನವು ಬಿಟ್ಟು ಒಳಗಿನವು ಆರಿಸಿ.

ಮಂಡಕ್ಕಿ ಕೇಳಿಲ್ಲ ನೀವು. ಅದಕ್ಕೆ ಬೆಳಕಿನ ಚಿಂತೆಯೇ ಇಲ್ಲ, ಮುಚ್ಚಳ ಬಿಗಿ ಇದ್ದರೆ ಆಯ್ತು.

ವಿನೋಬನಗರ_ಅಡುಗೆಮನೆ

ಎಲ್ಲರಿಗೂ ಧನ್ಯವಾದ. ಹಾಲಿನ ಪ್ಯಾಕೆಟ್ ಎರಡು ತಾಸು ಗೇಟಿನಲ್ಲಿದ್ದರೆ ಎಷ್ಟು ಹೋಗುತ್ತೆ? ಮನೆಯಲ್ಲೇ ನೋಡುವ ದಾರಿ ಇದೆಯಾ? ಫ್ರಿಜ್ಜಿನೊಳಗಿನ ದೀಪವೂ ತೊಂದರೆಯಾ?

ರಸಾಯನ_ರಾಗಿಮುದ್ದೆ

ತಿಳಿ ಗಾಜಿನ ಬಾಟಲಿಯ ಹಾಲು ಚುರುಕು ಬಿಸಿಲಲ್ಲಿ ಎರಡು ತಾಸು ನಿಂತರೆ ಬಿ2 ಅರ್ಧ ಅಥವಾ ಹೆಚ್ಚು ಹೋಗುತ್ತೆ. ಪ್ಯಾಕೆಟ್ಟಿನ ಬಿಳಿ ಹಾಳೆ, ಅಚ್ಚಿನ ಬಣ್ಣ ಒಂದಷ್ಟು ತಡೆಯುತ್ತೆ, ಬೆಳಗಿನ ಆರು-ಎಂಟರ ಬಿಸಿಲೂ ಎಳೆಯದು, ಹಾಗಾಗಿ ನಷ್ಟ ಅಷ್ಟಿರಲ್ಲ. ಆದರೂ ದಪ್ಪ ಬಟ್ಟೆಚೀಲ ನೇತುಹಾಕಿ. 100 ಮಿಲಿ ಹಾಲಲ್ಲಿ ಬಿ2 ಸುಮಾರು 0.18 ಮಿಲಿಗ್ರಾಂ. ದೊಡ್ಡವರಿಗೆ ದಿನಕ್ಕೆ 2 ಮಿಲಿಗ್ರಾಂ ಹತ್ತಿರ ಬೇಕು. ಮಾಂಸ, ಮೊಟ್ಟೆ ತಿನ್ನದ ಮನೆಯಲ್ಲಿ ಹಾಲು-ಮೊಸರಿನ ಪಾಲು ದೊಡ್ಡದು. ಕಾಯಿಸಿದರೆ ಬಿ2 ಹೆಚ್ಚೇನೂ ಹೋಗಲ್ಲ. ಕಾಯಿಸಿದ ಹಾಲನ್ನು ತಟ್ಟೆ ಮುಚ್ಚದೆ ಕಿಟಕಿ ಕಟ್ಟೆ ಮೇಲೆ ಆರೋಕೆ ಇಟ್ಟರೆ ಹೋಗುತ್ತೆ.

ಕಣ್ಣಲ್ಲೇ ನೋಡಬಹುದು. ಅರ್ಧ ಲೀಟರ್ ಹಾಲು ಕಾಯಿಸಿ ನಿಂಬೆರಸ ಹಿಂಡಿ ಒಡೆಸಿ. ಪನೀರ್ ತೆಗೆದ ನೀರನ್ನು ನಾಲ್ಕು ಮಡಿಕೆ ಬಟ್ಟೆಯಲ್ಲಿ ಸೋಸಿ ರಾತ್ರಿ ಫ್ರಿಜ್ಜಿನಲ್ಲಿಡಿ. ಬೆಳಿಗ್ಗೆ ತಳದ ಮಡ್ಡಿ ಕದಡದೆ ಮೇಲಿನ ತಿಳಿ ಬಗ್ಗಿಸಿಕೊಂಡರೆ ಎಳೆ ಹಸಿರು-ಹಳದಿ ನೀರು ಸಿಗುತ್ತೆ. ಆ ಬಣ್ಣವೇ ರೈಬೋಫ್ಲೇವಿನ್. ಒಂದೇ ಥರದ ಎರಡು ಗಾಜಿನ ಲೋಟಕ್ಕೆ ಸಮ ಹಾಕಿ, ಒಂದಕ್ಕೆ ಅಡಿಯಿಂದ ಬಾಯಿವರೆಗೂ ಅಲ್ಯುಮಿನಿಯಂ ಹಾಳೆ ಸುತ್ತಿ. ಎರಡನ್ನೂ ತಣ್ಣೀರಿನ ಅಗಲ ಪಾತ್ರೆಯಲ್ಲಿ ನಿಲ್ಲಿಸಿ ಒಂದು ತಾಸು ಬಿಸಿಲಿಗಿಡಿ. ತಣ್ಣೀರು ಯಾಕೆಂದರೆ ಕಾವಿನಿಂದ ಆಯ್ತು ಅನ್ನೋ ಅನುಮಾನ ಉಳಿಯಬಾರದು. ಆಮೇಲೆ ಬಿಳಿ ಹಾಳೆ ಮೇಲಿಟ್ಟು ನೋಡಿದರೆ ಬಿಸಿಲಿನ ಲೋಟ ಪೇಲವ ಆಗಿರುತ್ತೆ. ನೋಟು ಪರೀಕ್ಷಿಸುವ ಅತಿನೇರಳೆ ಟಾರ್ಚ್ ಇದ್ದರೆ ಕತ್ತಲಲ್ಲಿ ಹಿಡಿದು ನೋಡಿ: ಸುತ್ತಿಟ್ಟದ್ದು ಹಳದಿ-ಹಸಿರು ಹೊಳೆಯುತ್ತೆ, ಬಿಸಿಲಿನದ್ದರಲ್ಲಿ ಆ ಹಸಿರು ಮಂಕಾಗಿರುತ್ತೆ. ತಿಳಿ ಮೋಡಮೋಡವಾಗಿದ್ದರೆ ವ್ಯತ್ಯಾಸ ಕಾಣಲ್ಲ, ಇನ್ನೊಮ್ಮೆ ಸೋಸಬೇಕು.

ಫ್ರಿಜ್ ದೀಪ ಬಾಗಿಲು ಮುಚ್ಚಿದಾಗ ಆರುತ್ತೆ, ಚಿಂತೆ ಬೇಡ. ಚೌಕಟ್ಟಿನ ಗುಂಡಿ ಅಂಟಿಕೊಂಡಿದ್ದರೆ ಮಾತ್ರ ಒಳಗೆ ಉರಿಯುತ್ತಲೇ ಇರುತ್ತೆ. ಫೋನ್ ಕ್ಯಾಮೆರಾ ಆನ್ ಮಾಡಿ ಒಳಗಿಟ್ಟು ಬಾಗಿಲು ಹಾಕಿ ಅರ್ಧ ನಿಮಿಷ ವಿಡಿಯೊ ತೆಗೆದರೆ ಗೊತ್ತಾಗುತ್ತೆ.