ಎಚ್-ಇಂಡೆಕ್ಸ್ ಒಂದನ್ನೇ ನೋಡಿದರೆ ಸಾಕಾ?

ಪ್ರಶ್ನೆ (ತೀರ್ಥಹಳ್ಳಿಯಿಂದ):
ಅಡಿಕೆ ಎಲೆಚುಕ್ಕೆ ರೋಗದ ಮೇಲೆ ಪಿಎಚ್‌ಡಿ ಮಾಡುತ್ತಿದ್ದೇನೆ. ನಮ್ಮ ಗೈಡ್ ಮೇಡಂ ಜಡಿಮಳೆಯಲ್ಲೂ ತೋಟಕ್ಕೆ ಇಳಿಯುತ್ತಾರೆ. ಇಂಬಳ ಕಚ್ಚಿದರೂ ಲೆಕ್ಕಿಸದೆ ಚುಕ್ಕೆ ಬಿದ್ದ ಸೋಗೆ ಕತ್ತರಿಸಿ ತಂದು, ಲ್ಯಾಬಿನಲ್ಲಿ ಶಿಲೀಂಧ್ರ ಬೆಳೆಸಿ ನೋಡುತ್ತಾರೆ. ಅವರ ಎಚ್-ಇಂಡೆಕ್ಸ್ (ಲೇಖನಗಳು ಎಷ್ಟು, ಅವನ್ನು ಬೇರೆಯವರು ಎಷ್ಟು ಸಲ ಉಲ್ಲೇಖಿಸಿದ್ದಾರೆ ಎಂದು ಒಟ್ಟಿಗೆ ಅಳೆಯುವ ಅಂಕಿ) 9. ಕ್ಯಾನ್ಸರ್ ಮೇಲೆ ಕೆಲಸ ಮಾಡುವ, ಅವರದೇ ವಯಸ್ಸಿನ ಒಬ್ಬರದ್ದು 30. ಬಡ್ತಿಗೆ ಇವೆರಡನ್ನೇ ಪಕ್ಕಪಕ್ಕ ಇಟ್ಟು ನೋಡುತ್ತಿದ್ದಾರೆ. ನನಗೆ ತುಂಬಾ ಬೇಜಾರಾಗಿದೆ. ಇದು ಸರೀನಾ?

ಉತ್ತರ 1:
ಖಂಡಿತ ಸರಿಯಲ್ಲ. 9 ಅಂದರೆ, ಕನಿಷ್ಠ 9 ಸಲ ಸೈಟ್ ಆದ (ಬೇರೆ ಲೇಖನಗಳಲ್ಲಿ ಉಲ್ಲೇಖವಾದ) 9 ಲೇಖನ ಇವೆ ಅಂತ, ಅಷ್ಟೇ. ಅದರಲ್ಲಿ ಒಂದಕ್ಕೆ 500 ಸೈಟೇಶನ್ ಬಂದರೂ ಇಂಡೆಕ್ಸ್ ಅಲ್ಲಾಡಲ್ಲ. 2005ರಲ್ಲಿ ಈ ಅಳತೆ ತಂದ ಭೌತವಿಜ್ಞಾನಿ ಹಿರ್ಶ್ ಅವರೇ ವಿಷಯದಿಂದ ವಿಷಯಕ್ಕೆ ಅದು ಬದಲಾಗುತ್ತದೆ ಎಂದು ಬರೆದಿದ್ದರು. ಅಡಿಕೆ ಮೇಲೆ ಬರೆಯುವವರೇ ಕಡಿಮೆ. ಸೈಟೇಶನ್ ಎಲ್ಲಿಂದ ಬರಬೇಕು ಹೇಳಿ? ಅದೇ ವಿಷಯದ, ಅದೇ ವರ್ಷದ ಲೇಖನಗಳ ಸರಾಸರಿ ಜೊತೆ ಹೋಲಿಸಲು ಕೇಳಿ.

ಉತ್ತರ 2 (ಸೊರಬದಿಂದ):
ಮೇಡಂ ಜೊತೆ ಲೇಖನ ಬರೆದವರು ಯಾರು, ಬೇರೆ ಬೇರೆ ವಿಷಯ ಬಲ್ಲವರಾ ಅಂತಲೂ ನೋಡಬೇಕು. 1957ರಲ್ಲಿ ನಮ್ಮ ಕ್ಯಾಸನೂರು ಕಾಡಲ್ಲಿ ಮಂಗನ ಕಾಯಿಲೆ ಗೊತ್ತಾದಾಗ, ಪುಣೆಯ ವೈರಸ್ ಸಂಶೋಧನಾ ಕೇಂದ್ರದವರು ಬಂದರು. ವೈರಸ್, ಉಣುಗು, ಮಂಗ, ಎಲ್ಲ ಬಲ್ಲವರು ಕೂಡಿದ್ದರಿಂದಲೇ ಅದು ಉಣುಗಿನಿಂದ ಹರಡುತ್ತದೆ ಎಂದು ತಿಳಿಯಿತು.

ಪ್ರಶ್ನೆ ಕೇಳಿದವರು:
ಥ್ಯಾಂಕ್ಸ್ ಸಾರ್. ಮೇಡಂ ಜೊತೆ ಬರೆದವರ ಪಟ್ಟಿಯನ್ನೂ ಅರ್ಜಿಗೆ ಸೇರಿಸಲು ಹೇಳುತ್ತೇನೆ.